ಸಣ್ಣ ಮಾವನ ಏಳು ಬಟ್ಟಲು

ನಮ್ಮ ಸಣ್ಣ ಮಾವನವರು ಹೈದರಾಬಾದು ಶಹರದಲ್ಲಿ ಮನೆ ಮಾಡಿಕೊಂಡಿದ್ದರು. ಅಲ್ಲಿನ ಮೊದಲ ಹತ್ತು ವರ್ಷ ಅವರ ಒಲೆಯ ಮೇಲೆ ಪಲ್ಯ ಬೇಯಲಿಲ್ಲ; ಹಾಗೆಂದು ಒಂದು ದಿನವೂ ಅವರು ಪಲ್ಯವಿಲ್ಲದೆ ಉಣ್ಣಲಿಲ್ಲ! (ಒಂದೇ ಒಂದು ದಿನ ಬೆಂದಿತ್ತು. ಅದು ನನ್ನ ತಪ್ಪು, ಆಮೇಲೆ ಹೇಳುತ್ತೇನೆ.) ಹಾಗಾದರೆ ಖಾನಾವಳಿಯಿಂದ ತರಿಸುತ್ತಿದ್ದರೇ? ಖಾನಾವಳಿಯ ಹೆಸರೆತ್ತಿದರೆ ಅವರ ಮೈ ಉರಿಯುತ್ತಿತ್ತು. ಕದ್ದು ತರುತ್ತಿದ್ದರೇ? ಛೆ ಛೆ, ಮನೆತನಸ್ಥ ಮನುಷ್ಯ! ಪಗಾರ ಹೇಳಿಕೊಳ್ಳುವಂಥದ್ದಲ್ಲ, ಒಂದು ಕಚೇರಿಯಲ್ಲಿ ಉರ್ದು ಕಾಗದಗಳ ನಕಲು ಬರೆಯುವ ಕೆಲಸ. ಆದರೂ ಏನೋ ಕೆಲಸಕ್ಕೆಂದು ಶಹರಕ್ಕೆ ಬಂದು ಇವರಲ್ಲಿ ಒಂದು ಹೊತ್ತು ಉಂಡು ಹೋದ ನಮ್ಮ ಕಡೆಯ ಮಂದಿ ಕುಷ್ಟಗಿ ಸಂತೆಯಲ್ಲಿ ನಿಂತು, "ಅಂವಾ ಜಹಗೀರದಾರ ಉಂಡಂಗ ಉಣ್ತಾನ" ಎಂದು ಸಾರುತ್ತಿದ್ದರು.

ಅವರು ನನ್ನ ಮಾವನವರ ತಮ್ಮ, ಅಂದರೆ ನನ್ನ ಗಂಡನಿಗೆ ಕಾಕಾ. ಮನೆತನ ಯಲಬುರ್ಗಿ ಹತ್ತಿರದ ಒಂದು ಹಳ್ಳಿಯದು. ಮದುವೆಯಾದ ಎರಡನೆಯ ವರ್ಷವೇ ಹೆಂಡತಿ ತೀರಿಕೊಂಡರು. ಮತ್ತೊಂದು ಮದುವೆಗೆ ಮನೆಯವರು ಬೆನ್ನು ಹತ್ತಿದಾಗ ಇವರು ಶಹರದ ಗಾಡಿ ಹತ್ತಿಬಿಟ್ಟರಂತೆ. ನನ್ನ ಗಂಡನಿಗೂ ಅದೇ ಶಹರದಲ್ಲಿ ಕಾರಕೂನಿಕೆ ಸಿಕ್ಕಾಗ ನಾವಿಬ್ಬರೂ ಅವರ ಮನೆಗೇ ಬಂದು ಸೇರಿದೆವು. ಆಗ ದೊಡ್ಡ ಯುದ್ಧ ಶುರುವಾಗಿತ್ತಾದರೂ ಅದರ ಬಿಸಿ ಇನ್ನೂ ನಮ್ಮ ಅಡುಗೆಮನೆಗೆ ತಟ್ಟಿರಲಿಲ್ಲ.

ನಾನು ಕೊಪ್ಪಳದ ಮಗಳು. ಮದುವೆಗೆ ಮೊದಲು ನಮ್ಮವ್ವ ಒಂದು ವರ್ಷ ನನ್ನನ್ನು ಒಲೆಯ ಮುಂದೆಯೇ ಕೂರಿಸಿ, ಬದನೆಕಾಯಿಯೊಂದರಲ್ಲೇ ಐದು ಬಗೆ ಕಲಿಸಿ ಕಳಿಸಿದ್ದಳು. ಹೀಗೆ ತಯಾರಾದ ನಾನು ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ, ಒಂದು ಟ್ರಂಕಿನ ತುಂಬ ಖಡಕ್ ರೊಟ್ಟಿ, ಎರಡು ಡಬ್ಬಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ (ಚಟ್ನಿಪುಡಿಗೆ ನಮ್ಮ ಕಡೆ ಹಿಂಡಿ ಎನ್ನುತ್ತಾರೆ) ಹೊತ್ತು ಶಹರಕ್ಕೆ ಇಳಿದೆ. ಊರಿನಲ್ಲಾಗಿದ್ದರೆ ಮಾವನ ಎದುರು ಸೆರಗು ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಾತಾಡಬೇಕು. ಮೂರೇ ಜನರ ಮನೆಯಲ್ಲಿ ಗೋಡೆ ಉತ್ತರ ಕೊಡುವುದಿಲ್ಲವಲ್ಲ! ಮರುದಿನ ಬೆಳಿಗ್ಗೆ ಧೈರ್ಯ ಮಾಡಿ ನೇರವಾಗಿಯೇ ಕೇಳಿದೆ.

"ಮಾವಾರ, ಇವತ್ತ ಯಾವ ಪಲ್ಯಾ ಮಾಡ್ಲಿರಿ?"

ಅವರು ನನ್ನನ್ನು ಕರುಣೆಯಿಂದ ನೋಡಿದರು.

"ಪಲ್ಯಾ? ಅದನ್ನ ನಾವ್ಯಾಕ ಮಾಡಬೇಕವಾ? ಇಷ್ಟ ದೊಡ್ಡ ಶಹರ ಐತಿ, ಯಾರರ ಮಾಡಿರ್ತಾರ!"

ಹೀಗೆ ಹೇಳಿ ಅವರು ಗೂಡಿನಿಂದ ಏಳು ಹಿತ್ತಾಳೆ ಬಟ್ಟಲುಗಳನ್ನು ತೆಗೆದು ನನ್ನ ಮುಂದೆ ಸಾಲಾಗಿ ಇಟ್ಟರು. ಒಳಗೆ ಕಲಾಯಿ ಹೊಳೆಯುತ್ತಿತ್ತು. ಬೇರೆ ಮನೆಯಲ್ಲಿ ಹೊಸ ಸೊಸೆಗೆ ಬೀಗದ ಕೈ ಕೊಡುತ್ತಾರೆ. ನನಗೆ ಈ ಬಟ್ಟಲುಗಳು ಬಂದವು, ಜೊತೆಗೆ ಅರ್ಧ ಗಂಟೆಯ ಉಪದೇಶವೂ ಬಂತು.

ಒಬ್ಬರ ಮನೆಯಿಂದ ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಮರಳಿಸಬಾರದು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ನಡೆಯಲು ಕಲಿತ ಹಾಗೆ ಎಲ್ಲರಿಗೂ ಬಂದುಬಿಟ್ಟಿರುತ್ತದೆ. ಸಣ್ಣ ಮಾವನವರು ಶಹರಕ್ಕೆ ಬಂದ ಹೊಸದರಲ್ಲಿ ಒಂದು ಬಟ್ಟಲು ಶೇಂಗಾ ಹಿಂಡಿಯನ್ನು ನೆರೆಯವರಿಗೆ ಕೊಟ್ಟರಂತೆ, ಸುಮ್ಮನೆ ಕೊಟ್ಟದ್ದು. ಅದು ಸಂಜೆಗೆ ಸಾಬೂದಾಣಿ ಖಿಚಡಿ ತುಂಬಿಕೊಂಡು ತಿರುಗಿ ಬಂತು. ಮರುದಿನ ಎದುರು ಮನೆಗೆ ಕೊಟ್ಟರು. ಅಲ್ಲಿಂದ ಖರ್ಜೂರ ಬಂತು. ಅಂದು ಅವರಿಗೆ ಜ್ಞಾನೋದಯವಾಯಿತು.

"ನೋಡವಾ, ಮರಾಠ್ಯಾರದು ಒಂದು ಭಾಷಾ, ತೆಲಗರದು ಒಂದು, ಸಾಬರದು ಒಂದು. ದೇವರ ಬ್ಯಾರೆ, ಹಬ್ಬ ಬ್ಯಾರೆ. ಬಟ್ಟಲದ ಕಾಯ್ದೆ ಮಾತ್ರ ಎಲ್ಲಾರದೂ ಒಂದ!"

ನಾವಿದ್ದದ್ದು ಹಳೆಯ ಶಹರದ ಒಂದು ವಾಡೆಯಲ್ಲಿ. ನಡುವೆ ಅಂಗಳ, ಅಂಗಳದಲ್ಲಿ ಒಂದು ಬಾವಿ, ಒಂದು ಹುಣಸೆ ಮರ. ಸುತ್ತ ನಾಲ್ಕು ಮನೆಗಳು. ನಮ್ಮದೊಂದು, ಪಕ್ಕದಲ್ಲಿ ಮಗನ ಸಂಸಾರದೊಂದಿಗಿದ್ದ ಮರಾಠಿ ಅಜ್ಜಿಯದು, ಎದುರಿಗೆ ಮುನ್ಷಿ ಸಾಹೇಬರದು, ಮೂಲೆಯಲ್ಲಿ ತೆಲುಗು ಮಾಸ್ತರರದು. ಮಾಸ್ತರರಿಗೆ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಕೆಲಸ. ಹೆಂಡತಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಆ ಹೆಂಡತಿಯನ್ನು ನಾನು ಅವರ ಭಾಷೆಯಲ್ಲೇ ಅಕ್ಕಯ್ಯ ಎಂದು ಕರೆಯುತ್ತಿದ್ದೆ; ಅವರು ನಮ್ಮ ಮಾವನನ್ನು ಬಾಬಾಯಿ, ಎಂದರೆ ಚಿಕ್ಕಪ್ಪ, ಎನ್ನುತ್ತಿದ್ದರು.

ಬಟ್ಟಲು ಕಳಿಸುವುದೆಂದರೆ ತುಂಬಿ ಕೊಟ್ಟುಬರುವುದು ಎಂದು ತಿಳಿದಿರಾ? ಅದೊಂದು ಶಾಸ್ತ್ರ! ಬಟ್ಟಲು ಸಣ್ಣದಿರಬೇಕು. ದೊಡ್ಡದು ಹೋದರೆ ಅರ್ಧ ತುಂಬಿ ಬರುತ್ತದೆ, ಸಣ್ಣದನ್ನು ಅರ್ಧ ತುಂಬಲು ಯಾರಿಗೂ ಮನಸ್ಸು ಬಾರದು. ಬಾಯಿ ಅಗಲವಿರಬೇಕು, ಏಕೆಂದರೆ ಗೋಪುರ ಏರಿಸಲು ಜಾಗ ಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಹೊತ್ತು. ಆ ಮನೆಯಲ್ಲಿ ಅಡುಗೆಯಾಗುವ ಮೊದಲೇ ಕಳಿಸಿದರೆ ಬಟ್ಟಲು ಮರುದಿನಕ್ಕೆ ಬೀಳುತ್ತದೆ. ಉಂಡ ಮೇಲೆ ಕಳಿಸಿದರೆ ತಳದ್ದು ಬರುತ್ತದೆ. ಇದಕ್ಕಾಗಿ ಮಾವ ಬೆಳಿಗ್ಗೆ ಬೇವಿನ ಕಡ್ಡಿ ಹಿಡಿದು ಅಂಗಳದಲ್ಲಿ ಅಡ್ಡಾಡುತ್ತಿದ್ದರು. ನೋಡಿದವರಿಗೆ ಹಲ್ಲುಜ್ಜಿದ ಹಾಗೆ. ಕೆಲಸ ನಡೆಯುತ್ತಿದ್ದದ್ದು ಮೂಗಿನದು!

"ಮಾಸ್ತರ ಮನ್ಯಾಗ ಇಂಗಿನ ಒಗ್ಗರಣಿ ಬಿತ್ತು. ಕಳಸವಾ, ಕಳಸವಾ, ತಡಾ ಮಾಡಬ್ಯಾಡ!"

ನಾನು ಸೆರಗು ಸರಿಮಾಡಿಕೊಂಡು ಓಡುತ್ತಿದ್ದೆ.

ಊರಿನಲ್ಲಿ ಯಾರ ಮನೆಯ ಅಡುಗೆ ಯಾರಿಗೆ ಸಲ್ಲುತ್ತದೆ ಎಂಬುದು ಕಟ್ಟುನಿಟ್ಟು. ಇಲ್ಲಿ ಹೇಗೆ ಎಂದು ನಾನು ಹೆದರಿದ್ದೆ. ಮಾವ ಅದಕ್ಕೂ ದಾರಿ ಕಂಡಿದ್ದರು. ಹಿಂಡಿ ಒಣ ಪದಾರ್ಥ, ಒಣಗಿದ್ದಕ್ಕೆ ಮೈಲಿಗೆ ಹತ್ತುವುದಿಲ್ಲ! ಮಡಿಯ ಮರಾಠಿ ಅಜ್ಜಿ ಈ ತೀರ್ಪನ್ನು ಕೂಡಲೇ ಒಪ್ಪಿಬಿಟ್ಟರು, ಏಕೆಂದರೆ ಅವರಿಗೆ ಗುರೆಳ್ಳು ಹಿಂಡಿ ಎಂದರೆ ಪ್ರಾಣ. ಮುನ್ಷಿ ಸಾಹೇಬರ ಹೆಂಡತಿಯಂತೂ ನಾವು ಅವರಲ್ಲಿ ಬೇಯಿಸಿದ್ದನ್ನು ತಿನ್ನುವುದಿಲ್ಲ ಎಂದು ತಾವೇ ತಿಳಿದುಕೊಂಡು ಹಣ್ಣು, ಖರ್ಜೂರ, ಬಾದಾಮಿ ಇಟ್ಟು ಕಳಿಸುತ್ತಿದ್ದರು. ಒಮ್ಮೆ ನಮ್ಮ ಬಟ್ಟಲಿನ ಮೇಲೆ ಒಂದು ಖರಬೂಜ ಹಣ್ಣು ಕೂತುಕೊಂಡು ಬಂತು. ಕೆಳಗೆ ಬಟ್ಟಲು ಇದೆ ಎಂಬುದೇ ಕಾಣಿಸುತ್ತಿರಲಿಲ್ಲ! ಮಾವ ಆ ಹಣ್ಣಿನ ಸುತ್ತ ಒಂದು ಪ್ರದಕ್ಷಿಣೆ ಬಂದು, ಗಂಭೀರವಾಗಿ ಹೇಳಿದರು:

"ಇನ್ಮ್ಯಾಲೆ ಆ ಮನಿಗೆ ಇದಕ್ಕಿಂತ ಸಣ್ಣ ಬಟ್ಟಲಾ ಕಳಸು."

ನನ್ನ ಗಂಡನಿಗೆ ಇದೆಲ್ಲ ನಾಚಿಕೆ. ಒಂದು ದಿನ ಉಣ್ಣುತ್ತ ಕೂತಾಗ ಬಾಯಿಬಿಟ್ಟು ಅಂದೇಬಿಟ್ಟರು.

"ಕಾಕಾ, ಇದು ಒಂದ ರೀತಿ ಭಿಕ್ಷಾ ಆಗ್ಲಿಲ್ಲೇನ್ರಿ?"

"ಭಿಕ್ಷಾ ಬೇಡಾಂವ ಖಾಲಿ ಬಟ್ಟಲಾ ಹಿಡ್ಕೊಂಡ ಹೊಕ್ಕಾನ. ನಾನು ತುಂಬಿದ್ದ ಕಳಸ್ತೀನಿ. ಈಗ ನಿನ್ನ ಮುಂದಿನ ಆ ಖೀರ ಯಾರದು?"

"ಅಜ್ಜಿ ಮನೀದು."

"ಬ್ಯಾಡಾಗಿದ್ರ ಇತ್ತ ಸರಸು."

ನನ್ನ ಗಂಡ ಖೀರನ್ನು ಸರಿಸಲಿಲ್ಲ. ಆ ವಾದ ಅಲ್ಲಿಗೇ ಮುಗಿಯಿತು.

ಎಲ್ಲಕ್ಕಿಂತ ಹೆಚ್ಚಾಗಿ ಮಾವನ ಜೀವವಿದ್ದದ್ದು ಅಕ್ಕಯ್ಯನ ಕೈರುಚಿಯಲ್ಲಿ. ಅವರ ಪುಲಿಹೋರ, ಅಂದರೆ ಹುಣಸೆಹುಳಿಯ ಅನ್ನ, ಬಂತೆಂದರೆ ಮಾವ ಮೊದಲು ಕಣ್ಣು ಮುಚ್ಚಿ ವಾಸನೆ ತೆಗೆದುಕೊಂಡು ಆಮೇಲೆ ಕೈ ತೊಳೆಯುತ್ತಿದ್ದರು. ನಮ್ಮ ಪುಂಡಿಪಲ್ಯೆಯನ್ನೇ ಅವರು ಗೋಂಗೂರ ಎಂದು ಎಣ್ಣೆ ಮೆಣಸಿನಕಾಯಿ ಹಾಕಿ ಅರೆದು ಕಳಿಸುತ್ತಿದ್ದರು. "ಪುಂಡಿಪಲ್ಯೆ ನಮ್ಮದು" ಎಂದು ಮಾವ, "ಗೋಂಗೂರ ಮಾದಿ", ಅಂದರೆ ನಮ್ಮದು, ಎಂದು ಅಕ್ಕಯ್ಯ, ಇಬ್ಬರೂ ಬಾವಿಕಟ್ಟೆಯ ಆಚೆ ಈಚೆ ನಿಂತು ಜಗಳವಾಡುತ್ತಿದ್ದರು. ಆ ಜಗಳವಾಗದ ವಾರ ಮಾವನಿಗೆ ಏನೋ ಕಳೆದುಕೊಂಡ ಹಾಗೆ ಇರುತ್ತಿತ್ತು.

ಈಗ ನನ್ನ ತಪ್ಪಿನ ಕತೆ. ಒಂದು ವರ್ಷ ಕೈ ಕಟ್ಟಿ ಕೂತು ನನಗೆ ಸಾಕಾಗಿತ್ತು. ಊರಿನಿಂದ ಬರುವ ಖಡಕ್ ರೊಟ್ಟಿ ಬಿಸಿ ಮಾಡುವುದು, ಹಿಂಡಿ ಕುಟ್ಟುವುದು, ಬಟ್ಟಲು ತಿಕ್ಕುವುದು. ನಮ್ಮವ್ವ ಕಲಿಸಿದ ವಿದ್ಯೆಯೆಲ್ಲ ತುಕ್ಕು ಹಿಡಿಯುತ್ತಿತ್ತು. ಮಾವ ಕಚೇರಿಗೆ ಹೋದದ್ದೇ ತಡ, ಬದನೆಕಾಯಿ ತಂದು, ಹೊಟ್ಟೆ ಸೀಳಿ, ಶೇಂಗಾ ಎಳ್ಳು ತುಂಬಿ ಎಣ್ಣೆಗಾಯಿ ಮಾಡಿದೆ. ಸಂಜೆ ಮಾವ ಒಂದು ತುತ್ತು ಬಾಯಿಗಿಟ್ಟು, ಇನ್ನೊಂದು ತುತ್ತಿಗೆ ಕೈ ಹಾಕಿದರು.

"ಭಾಳ ಛಲೋ ಆಗೈತಿ," ಎಂದರು.

ನಾನು ಹಿಗ್ಗಿ ಹೀರೇಕಾಯಿಯಾದೆ.

"ಇಷ್ಟ ಛಲೋ ಆಗಿದ್ದನ್ನ ನಾವ ತಿಂದರ ಹೆಂಗವಾ? ಏಳೂ ಬಟ್ಟಲಾ ತಗೊಂಬಾ!"

ಎಣ್ಣೆಗಾಯಿ ನಾಲ್ಕು ದಿಕ್ಕಿಗೆ ಹಂಚಿಹೋಯಿತು. (ಅಜ್ಜಿಯ ಮಡಿ ಅಂದು ಏನಾಯಿತೋ ಕಾಣೆ, ಅವರಲ್ಲಿ ಒಂದು ಚೂರೂ ಉಳಿಯಲಿಲ್ಲವಂತೆ.) ಮೂರು ದಿನ ನಮ್ಮ ಮನೆಗೆ ಎಲ್ಲಿಂದ ಏನು ಬಂತೆಂದು ಹೇಳಲಾರೆ. ಮಾಡಿದ ನನಗೆ ಸಿಕ್ಕಿದ್ದು ಬಾಣಲೆ ಒರೆಸಿದ ಒಂದು ರೊಟ್ಟಿಯ ಚೂರು.

ಹೀಗೆಯೇ ನಡೆಯುತ್ತಿತ್ತು. ಆದರೆ ಯುದ್ಧ ಎಲ್ಲೋ ದೂರದಲ್ಲಿದ್ದದ್ದು ಮೆಲ್ಲಗೆ ನಮ್ಮ ವಾಡೆಗೂ ಬಂದು ಕೂತಿತು. ಅಕ್ಕಿಗೆ ಕಂಟ್ರೋಲು ಅಂಗಡಿಯ ಮುಂದೆ ಸಾಲು. ಎಣ್ಣೆ ಸಿಕ್ಕರೆ ಬೆಲ್ಲವಿಲ್ಲ, ಬೆಲ್ಲ ಸಿಕ್ಕರೆ ಬೇಳೆಯಿಲ್ಲ. ಬಟ್ಟಲುಗಳ ಮೇಲಿನ ಗೋಪುರ ಇಳಿಯಿತು, ಆಮೇಲೆ ಅಂಚಿಗೆ ಬಂತು, ಆಮೇಲೆ ಅಂಚಿನ ಕೆಳಗೂ ಹೋಯಿತು. ಮಾವ ಗೊಣಗಲಿಲ್ಲ, ತಾವೂ ಹಿಂಡಿಯನ್ನು ಅಷ್ಟೇ ಇಳಿಸಿದರು.

ಆಗಲೇ ಒಂದು ದಿನ ಅಕ್ಕಯ್ಯನ ಮನೆಗೆ ಹೋದ ಬಟ್ಟಲು ತಿರುಗಿ ಬರಲಿಲ್ಲ. ಎರಡು ದಿನವಾಯಿತು, ನಾಲ್ಕು ದಿನವಾಯಿತು.

"ಮರತಿರಬೇಕು ಪಾಪ. ನೆನಪಾಗ್ಲಿ, ಇನ್ನೊಂದ ಕಳಸು," ಎಂದರು ಮಾವ.

ಇನ್ನೊಂದು ಹೋಯಿತು. ಅದೂ ಬರಲಿಲ್ಲ. ನಾನು ಬಾವಿಗೆ ನೀರಿಗೆ ಹೋದರೆ ಅಕ್ಕಯ್ಯ ಕೊಡ ಅರ್ಧಕ್ಕೇ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ನನ್ನ ಬಳೆಯ ಸದ್ದು ಕೇಳಿದರೆ ಅವರ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನಾನೇನು ಮಾಡಿದೆ ಇವರಿಗೆ ಎಂದು ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮಾವ ಅಂಗಳದಲ್ಲಿ ಬೇವಿನ ಕಡ್ಡಿ ಕಚ್ಚಿಕೊಂಡು ಮೂಲೆಮನೆಯ ಕಡೆ ನೋಡಿ, "ಒಗ್ಗರಣಿ ಸಪ್ಪಳಾ ಇಲ್ಲಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.

ಸುದ್ದಿ ತಂದದ್ದು ನನ್ನ ಗಂಡ. ಮಾಸ್ತರರ ಶಾಲೆ ಮುಚ್ಚಿ ಎರಡು ತಿಂಗಳಾಗಿತ್ತಂತೆ. ಮಾಸ್ತರರು ಬೆಳಿಗ್ಗೆ ಎಂದಿನ ಹಾಗೆ ಕೋಟು ಹಾಕಿಕೊಂಡು ಹೊರಟು, ದಿನವೆಲ್ಲ ಕೆಲಸ ಹುಡುಕಿ, ಸಂಜೆ ಎಂದಿನ ಹೊತ್ತಿಗೆ ಮರಳುತ್ತಿದ್ದರಂತೆ. ವಾಡೆಯಲ್ಲಿ ಯಾರಿಗೂ ತಿಳಿಯಬಾರದೆಂದು.

"ಹಂಗಂದ್ರ ಆ ಮಕ್ಕಳು ಏನ ಉಣ್ತಾವ?" ಎಂದು ಮಾವ ಎದ್ದೇಬಿಟ್ಟರು. "ಬಟ್ಟಲಾ ಬ್ಯಾಡವಾ. ಬೋಗಾಣಿ ತಗಿ, ದೊಡ್ಡ ಬೋಗಾಣಿ!"

ಆ ಬೋಗುಣಿ ಹಬ್ಬಕ್ಕೆ ಮಾತ್ರ ಹೊರಗೆ ಬರುತ್ತಿತ್ತು. ಅದರಲ್ಲಿ ಇಪ್ಪತ್ತು ರೊಟ್ಟಿ ಜೋಡಿಸಿದೆವು, ನಡುವೆ ಹಿಂಡಿ, ಮೇಲೆ ಹುರಿದ ಶೇಂಗಾ ತುಂಬಿದ ಒಂದು ಡಬ್ಬಿ. ಬಾಗಿಲು ಮುಚ್ಚಿತ್ತು. ಕಟ್ಟೆಯ ಮೇಲಿಟ್ಟು, "ಅಕ್ಕಯ್ಯಾ, ಇಟ್ಟೀನಿ" ಎಂದು ಕೂಗಿ ಬಂದೆ. ಸ್ವಲ್ಪ ಹೊತ್ತಿಗೆ ಬೋಗುಣಿ ಒಳಗೆ ಹೋದದ್ದು ಕಂಡಿತು. ಮಾವ ಅಂದು ನೆಮ್ಮದಿಯಿಂದ ಉಂಡರು. ನನಗೂ ಒಂದು ಪುಣ್ಯದ ಕೆಲಸವಾಯಿತು ಎನ್ನಿಸಿತು.

ಮೂರನೆಯ ದಿನ ಬೆಳಿಗ್ಗೆ ಬಾಗಿಲಲ್ಲಿ ಅಕ್ಕಯ್ಯ! ಬೋಗುಣಿಯ ತುಂಬ ಪುಲಿಹೋರ, ಅದರ ಮೇಲೆ ನಮ್ಮ ಎರಡು ಬಟ್ಟಲುಗಳಲ್ಲಿ ಉಪ್ಪಿನಕಾಯಿ, ಶೇಂಗಾದ ಡಬ್ಬಿಯಲ್ಲಿ ಗೋಂಗೂರ. ನಕ್ಕರು, ನನ್ನ ಕೈಗೆ ಕೊಟ್ಟರು, ಹೊರಟುಹೋದರು. ಮಾವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

"ನೋಡಿದ್ಯಾ? ಅಡಚಣಿ ಹರೀತು ಅವರದು! ಮಾಸ್ತರಗ ಕೆಲಸ ಸಿಕ್ಕಿರಬೇಕು. ಬಡಸವಾ, ಬಡಸು!"

ಎರಡು ಸಲ ಹಾಕಿಸಿಕೊಂಡು ಉಂಡರು. ನಾನೂ ಉಂಡೆ.

ಊಟವಾದ ಮೇಲೆ ಅಕ್ಕಯ್ಯನೊಂದಿಗೆ ನಾಲ್ಕು ಮಾತಾಡಿ ಬರೋಣವೆಂದು ಹೋದೆ. ಈ ಸಲ ಬಾಗಿಲು ತೆರೆದೇ ಇತ್ತು. ಒಳಗೆ ಒಗ್ಗರಣೆಯ ವಾಸನೆ ಇನ್ನೂ ಆರಿರಲಿಲ್ಲ. ಅನ್ನ ಮಾಡಿದ ಪಾತ್ರೆ ತೊಳೆದು ಕವುಚಿ ಇಟ್ಟಿತ್ತು. ಮಕ್ಕಳಿಬ್ಬರೂ ಕೂತು ಉಣ್ಣುತ್ತಿದ್ದರು. ಅವರ ತಟ್ಟೆಯಲ್ಲಿ ಉಪ್ಪು ಹಾಕಿ ಬೇಯಿಸಿದ ಹುಣಸೆಯ ಚಿಗುರು ಇತ್ತು, ಬೇರೇನೂ ಇರಲಿಲ್ಲ. ನಾನು ದಂಗಾಗಿ ನಿಂತೆ. ಕಂಟ್ರೋಲಿನಲ್ಲಿ ಸಿಕ್ಕ ಅಷ್ಟೂ ಅಕ್ಕಿ ನಮ್ಮ ಬೋಗುಣಿಗೆ ಹೋಗಿತ್ತು.

"ಅಷ್ಟ್ಯಾಕ ಮಾಡಿದ್ರಿ ಅಕ್ಕಯ್ಯಾ?" ಎಂದೆ.

ಮೂರು ವರ್ಷ ನನ್ನ ಜೊತೆ ಮಾತಾಡಿ ಮಾತಾಡಿ ಅವರಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. "ಅಷ್ಟು ದೊಡ್ಡ ಪಾತ್ರೆ ಕಳಿಸಿದಿರಲ್ಲಮ್ಮಾ," ಎಂದರು. "ಅರ್ಧ ಹೇಗೆ ತುಂಬಲಿ?"

ಬಂದು ಮಾವನಿಗೆ ಹೇಳಿದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವರು ಎಲೆಯನ್ನು ಕೆಳಗಿಟ್ಟರು. ಆಮೇಲೆ, "ನಾ ಉಂಡ್ನಲ್ಲವಾ, ಎರಡ ಸಲ ಹಾಕಿಸಿಕೊಂಡು" ಎಂದರು.

ಈಗ ಏನು ಮಾಡುವುದು? ಕಳಿಸದೆ ಇದ್ದರೆ ಆ ಮಕ್ಕಳು ಉಪವಾಸ. ಕಳಿಸಿದರೆ ಪಾತ್ರೆ ತುಂಬಲು ಆ ತಾಯಿ ಮಕ್ಕಳ ಬಾಯಿಂದ ತೆಗೆಯುತ್ತಾಳೆ. ತಿರುಗಿ ಕೊಡಬೇಡಿ ಎಂದು ಹೇಳೋಣವೇ? ಹಾಗೆ ಹೇಳಿದ ದಿನ ಅದು ನಿಜವಾಗಿಯೂ ಭಿಕ್ಷೆಯಾಗುತ್ತದೆ. ಅದರ ಬದಲು ಹುಣಸೆ ಚಿಗುರೇ ವಾಸಿ ಎನ್ನುವ ಹೆಣ್ಣು ಆಕೆ. ಹತ್ತು ವರ್ಷ ಮಾವನಿಗೆ ಅನ್ನವಿಕ್ಕಿದ ಕಾಯ್ದೆಯೇ ಈಗ ಅಡ್ಡ ಬಂದು ನಿಂತಿತ್ತು.

ಮರುದಿನ ಬೆಳಿಗ್ಗೆ ಎದ್ದು ನೋಡುತ್ತೇನೆ: ಮಾವ ಏಳೂ ಬಟ್ಟಲು, ಬೋಗುಣಿ, ಅಡುಗೆಗೆ ಬೇಡದ ಉಳಿದ ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿಯುತ್ತಿದ್ದಾರೆ! ಹೊಲಿದು ಮುಗಿಸಿ ಅಂಗಳದ ನಡುವೆ ನಿಂತು ನಾಲ್ಕೂ ಮನೆಗೆ ಕೇಳಿಸುವ ಹಾಗೆ ಸಾರಿದರು. ಅಂಜನಾದ್ರಿಯ ಹನುಮಪ್ಪ ಕನಸಿನಲ್ಲಿ ಬಂದಿದ್ದನಂತೆ. ಯುದ್ಧ ಮುಗಿಯುವವರೆಗೆ ಹಿತ್ತಾಳೆ, ತಾಮ್ರ, ಕಂಚು ಇವರ ಹೊಸ್ತಿಲು ದಾಟಕೂಡದಂತೆ. ದಾನಧರ್ಮ ಏನಿದ್ದರೂ ಮುತ್ತಲ ಎಲೆಯ ದೊನ್ನೆಯಲ್ಲಿ, ಅದೂ ನೆರೆಹೊರೆಗೆಲ್ಲ ಸಮನಾಗಿ, ದಿನ ತಪ್ಪದೆ. ತಪ್ಪಿದರೆ ಇವರ ತಲೆ ಹೋಳಾಗುತ್ತದಂತೆ!

"ಕಾಕಾ, ಹನುಮಪ್ಪ ಕನ್ನಡದಾಗ ಹೇಳಿದ್ನೋ, ಉರ್ದುವಿನ್ಯಾಗೋ?" ಎಂದರು ನನ್ನ ಗಂಡ.

"ನಿನ್ನಂಥಾವ್ರಿಗೆ ಹೇಳಬ್ಯಾಡ ಅಂತನೂ ಹೇಳ್ಯಾನ. ಕಚೇರಿಗೆ ನಡಿ."

ನನಗೆ ಬಂದ ಅಪ್ಪಣೆ ಬೇರೆ. "ಇವತ್ತಿನಿಂದ ಪಲ್ಯಾ ಮಾಡವಾ. ನಿಮ್ಮವ್ವ ಕಲಿಸಿದ್ದೆಲ್ಲಾ ಮಾಡು."

ದೊನ್ನೆಗೆ ತಿರುಗಿ ಕೊಡುವ ಮಾತೇ ಇಲ್ಲ. ಉಂಡು ಎಸೆದರೆ ಆಯಿತು, ಮರಳಿಸಲು ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೂಲೆಮನೆಗೊಂದಕ್ಕೇ ಕಳಿಸಿದರೆ ಅಕ್ಕಯ್ಯನಿಗೆ ತಿಳಿದುಬಿಡುತ್ತದೆ. ಅದಕ್ಕೆ ಮೂರೂ ಮನೆಗೆ. ಬಟ್ಟಲು ಹೋಗುವುದು ನಿಂತ ಮೇಲೆ ಬಟ್ಟಲು ಬರುವುದೂ ನಿಂತಿತು. ಅಜ್ಜಿಯ ಖೀರು ನಿಂತಿತು, ಮುನ್ಷಿ ಸಾಹೇಬರ ಖರ್ಜೂರ ನಿಂತಿತು. ಮಾಡಿದ ಪಲ್ಯ ದೊನ್ನೆಗಳಿಗೆ ಹೋಗಿ, ನಮಗೆ ಉಳಿದದ್ದು ರೊಟ್ಟಿ, ಹಿಂಡಿ, ಒಂದು ಉಳ್ಳಾಗಡ್ಡಿ. ಮೂಲೆಮನೆಯ ದೊನ್ನೆಯ ತಳದಲ್ಲಿ ಮಾತ್ರ ಮಾವ ಯಾರಿಗೂ ಕಾಣದ ಹಾಗೆ ಬೆಲ್ಲದ ತುಂಡು ಮುಚ್ಚಿಡುತ್ತಿದ್ದರು. ಊರಿಗೆ ಕಾಗದ ಬರೆದರು, ಇನ್ನು ಮುಂದೆ ರೊಟ್ಟಿ ಎರಡರಷ್ಟು ಕಳಿಸಬೇಕೆಂದು. ಯಲಬುರ್ಗಿಯಿಂದ ನಮ್ಮ ಅತ್ತೆಯವರ ಉತ್ತರ ಬಂತು: "ರೊಟ್ಟಿ ಎರಡಪಟ್ಟ ಯಾಕ? ಗುಟ್ಟಾಗಿ ಮದುವಿ ಗಿದುವಿ ಮಾಡಿಕೊಂಡಾನೇನು?"

ವಾಡೆಯವರು ಬಿಟ್ಟಾರೆಯೇ? "ತಮ್ಮ ಬಟ್ಟಲು ನಮ್ಮಲ್ಲಿ ಉಳಿದುಬಿಡುತ್ತವೆ ಅಂತ ಹೆದರಿಕೆ ಇವರಿಗೆ! ಅದಕ್ಕೇ ಹನುಮಪ್ಪನ ನೆಪ" ಎಂದು ಅಜ್ಜಿ ಬಾವಿಕಟ್ಟೆಯಲ್ಲಿ ಆಡಿಕೊಂಡರು. ಹತ್ತು ವರ್ಷ ಜಾಣನೆನಿಸಿಕೊಂಡ ಮನುಷ್ಯ ಜಿಪುಣನೆನಿಸಿಕೊಂಡರು, ಅರೆಹುಚ್ಚನೆನಿಸಿಕೊಂಡರು. ನನಗೆ ತಡೆಯಲಾಗಲಿಲ್ಲ. ನಿಜ ಹೇಳಿಬಿಡಲೇ ಎಂದು ಕೇಳಿದರೆ ಮಾವ ಕೈ ಮುಗಿದುಬಿಟ್ಟರು.

"ಹುಚ್ಚ ಅನ್ಲಿ ಬಿಡವಾ. ಹುಚ್ಚ ಕೊಟ್ಟಿದ್ದನ್ನ ಇಸಗೊಳ್ಳಾಕ ಯಾರಿಗೂ ನಾಚಿಕಿ ಆಗೂದಿಲ್ಲ."

ಐದು ತಿಂಗಳು ಹೀಗೆ ನಡೆಯಿತು. ಮಾವನ ಕೋಟು ಹೆಗಲಿನಲ್ಲಿ ಜೋತುಬಿತ್ತು. ಮೂಲೆಮನೆಯ ಮಕ್ಕಳು ಮತ್ತೆ ಅಂಗಳಕ್ಕೆ ಬಂದು ಕುಂಟಬಿಲ್ಲೆ ಆಡತೊಡಗಿದರು. ಕಡೆಗೆ ವರಂಗಲ್ ಕಡೆಯ ಒಂದು ಊರಿನ ಶಾಲೆಯಲ್ಲಿ ಮಾಸ್ತರರಿಗೆ ಕೆಲಸ ಸಿಕ್ಕಿತು. ಹೊರಡುವ ಹಿಂದಿನ ದಿನ ಅಕ್ಕಯ್ಯ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಏನೂ ಇರಲಿಲ್ಲ.

"ಬಾಬಾಯಿಗಾರು, ಇವತ್ತು ನಮ್ಮಲ್ಲಿ ನಿಮ್ಮ ಊಟ."

"ಆಗ್ಲೆವಾ, ಕಳಸು," ಎಂದರು ಮಾವ, ರೂಢಿಯಂತೆ.

"ಕಳಿಸೋದಿಲ್ಲ. ನೀವು ಬಂದು ಕೂತು ಊಟ ಮಾಡಬೇಕು."

ಮಾವ ನನ್ನ ಮುಖ ನೋಡಿದರು. ಒಳಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ಬಂದಾಗ ನೋಡಿದರೆ, ಒಗೆದ ಧೋತರ, ಕಚೇರಿಯ ಕೋಟು, ತಲೆಗೆ ಹಬ್ಬದ ಜರಿಯಂಚಿನ ರುಮಾಲು!

"ಮಾವಾರ, ಅಂಗಳ ದಾಟಾಕ ರುಮಾಲ ಯಾಕ್ರಿ?" ಎಂದು ನಗುತ್ತ ಕೇಳಿದೆ.

"ಉಣ್ಣಾಕ ಕರದಾರವಾ," ಎಂದರು.

ನನ್ನ ನಗು ಅಲ್ಲಿಗೇ ನಿಂತಿತು. ಹತ್ತು ವರ್ಷದಲ್ಲಿ ಈ ವಾಡೆಯ ಒಂದೊಂದು ಮನೆಯ ಒಗ್ಗರಣೆಯೂ ಗೊತ್ತಿದ್ದ ಈ ಮನುಷ್ಯ, ಒಂದು ದಿನವೂ ಯಾರ ಮನೆಯಲ್ಲೂ ಕೂತು ಉಂಡಿರಲಿಲ್ಲ. ಯಾರೂ ಕರೆದಿರಲಿಲ್ಲ. ನಾವು ಬರುವ ಮೊದಲಿನ ಏಳು ವರ್ಷ, ಬಂದ ಬಟ್ಟಲುಗಳನ್ನು ತಮ್ಮ ಸುತ್ತ ಇಟ್ಟುಕೊಂಡು ಒಬ್ಬರೇ ಉಂಡಿದ್ದರು. ಇದು ನನಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ. ನನ್ನ ಮೇಲೆಯೇ ನನಗೆ ಸಿಟ್ಟು ಬಂತು.

ನಾನೂ ಹಿಂದೆ ಹೋದೆ. ಕಟ್ಟಿಟ್ಟ ಗಂಟುಗಳ ನಡುವೆ ಜಾಗ ಮಾಡಿ, ಮಣೆ ಹಾಕಿ, ಎಲೆ ಹಾಸಿದ್ದರು. ಮಾಸ್ತರರು ಪಕ್ಕದಲ್ಲಿ ಕೂತರು. ಬೇಳೆ, ಗೋಂಗೂರ, ಪುಲಿಹೋರ. ಪ್ರತಿಯೊಂದು ಒಗ್ಗರಣೆಯ ಬಗ್ಗೆಯೂ ಮಾತಿದ್ದ ಮಾವ ಅಂದು ತಲೆ ತಗ್ಗಿಸಿ ಸುಮ್ಮನೆ ಉಂಡರು. ಅಕ್ಕಯ್ಯ ಮತ್ತೊಮ್ಮೆ ಬಡಿಸಲು ಬಂದಾಗ, ನಮ್ಮ ಕಡೆ ಕರೆಸಿಕೊಂಡ ಬೀಗರು ಒತ್ತಾಯ ಮಾಡಿಸಿಕೊಳ್ಳಲೆಂದು ಮಾಡುವ ಹಾಗೆ, ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದರು.

"ಸಾಕವಾ, ಸಾಕು. ಭಾಳ ಆತು."

ಅಕ್ಕಯ್ಯ ಅಲುಗಲಿಲ್ಲ. "ಬಾಬಾಯಿಗಾರು, ನಿಮ್ಮ ಹನುಮಪ್ಪ ಯಾರು ಅಂತ ನನಗೆ ಮೊದಲ ದಿನವೇ ಗೊತ್ತಾಯಿತು," ಎಂದರು ಮೆತ್ತಗೆ. "ಕೈ ತೆಗೀರಿ."

ಮಾವ ಕೈ ತೆಗೆಯಲಿಲ್ಲ. ಮುಖ ಮೇಲೆತ್ತಿದಾಗ ಕಣ್ಣೆರಡೂ ತುಂಬಿದ್ದವು.

"ಇನ್ನೊಂದ ಸಲ ಅನ್ನವಾ," ಎಂದರು.

"ಏನಂತ?"

"ಅದ... ಕೈ ತಗೀರಿ ಅಂತ."

ಅಕ್ಕಯ್ಯ ಇನ್ನೊಂದು ಸಲ ಅಂದರು. ಆಗ ಸಣ್ಣ ಮಾವ ಕೈ ತೆಗೆದರು.